ಕಿಗ್ಗದಲ್ಲಿ ಎರಡು ಅರ್ಜಿ

ಪುನರ್ವಸು ಮಳೆ ಹಿಡಿದು ಹನ್ನೊಂದನೇ ದಿನ. ಬೆಳಿಗ್ಗೆ ಐದಕ್ಕೇ ಎದ್ದು ಮೊಬೈಲಿನಲ್ಲಿ ಹವಾಮಾನ ನೋಡುತ್ತಾ ಕೂತಿದ್ದೆ. ಒಂದಲ್ಲ, ಮೂರು ಆ್ಯಪ್. ಒಂದು ಗುರುವಾರ ಬಿಡುವು ಅಂದರೆ ಇನ್ನೊಂದು ಶುಕ್ರವಾರ ಅನ್ನುತ್ತಿತ್ತು. ಮೂರನೆಯದರಲ್ಲಿ ವಾರವಿಡೀ ಬರೀ ಮೋಡದ ಚಿತ್ರ. ನಾನು ಮೂರನ್ನೂ ತಾಳೆ ಹಾಕಿ ಒಂದು ದಿನ ಗೊತ್ತು ಮಾಡುತ್ತಿದ್ದೆ. ಆ ದಿನ ತಪ್ಪದೆ ಮಳೆ ಸುರಿಯುತ್ತಿತ್ತು.

ಬೆಂಗಳೂರಿನ ಕೆಲಸ ಬಿಟ್ಟು ಕೊಪ್ಪದ ಹತ್ತಿರದ ನಮ್ಮ ಅಡಿಕೆ ತೋಟಕ್ಕೆ ಬಂದು ಆಗ ಎರಡು ವರ್ಷ. ಬಂದವನೇ ಎಲ್ಲದಕ್ಕೂ ಎಕ್ಸೆಲ್ ಶೀಟ್ ಮಾಡಿದ್ದೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಯುವುದಕ್ಕೂ ಒಂದು. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ, ಅಲ್ಲಿಂದ 40-45 ದಿನಕ್ಕೆ ಇನ್ನೊಂದು ಸಲ. ಮೊದಲನೆಯದು ಶೀಟಿನಲ್ಲಿದ್ದ ಹಾಗೇ ಮುಗಿದಿತ್ತು. ಎರಡನೆಯದು 50 ದಿನ ದಾಟಿದರೂ ಆಗಿರಲಿಲ್ಲ.

ಅದಕ್ಕೂ ಮೂರು ದಿನ ಮೊದಲು ಒಂದು ಎಡವಟ್ಟು ಮಾಡಿಕೊಂಡಿದ್ದೆ. ಬೆಳಿಗ್ಗೆ ಸ್ವಲ್ಪ ಬಿಸಿಲು ಕಂಡಿತು. ಅಪ್ಪಯ್ಯ ಅಂಗಳದಲ್ಲಿ ನಿಂತು ಆಕಾಶ ನೋಡಿ, "ಇವತ್ತು ಬೇಡ ಮಾರಾಯ" ಅಂದರು. ಆ್ಯಪ್ ಮಾತ್ರ ಮಧ್ಯಾಹ್ನ ಮೂರರ ತನಕ ಮಳೆಯಿಲ್ಲ ಅಂದಿತ್ತು. ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನನ್ನು ಕರೆಸಿದೆ. 200 ಲೀಟರಿನ ಡ್ರಮ್ಮಿಗೆ 2 ಕೆಜಿ ಮೈಲುತುತ್ತ, 2 ಕೆಜಿ ಸುಣ್ಣ. ಕತ್ತಿಯ ತುದಿ ಅದ್ದಿ ನೋಡಿದೆ. ಕಬ್ಬಿಣಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಹತ್ತಿರಲಿಲ್ಲ. ಆಕಾಶದಲ್ಲಿ ಇಲ್ಲದ ನೀಲಿಯೆಲ್ಲ ಡ್ರಮ್ಮಿನಲ್ಲಿತ್ತು, ಅಷ್ಟು ಚೆಂದದ ಮಿಶ್ರಣ. ಹತ್ತು ಮರ ಮುಗಿದಿರಲಿಲ್ಲ, ಗುಡ್ಡದ ಆಚೆಯಿಂದ ಹೋ ಅಂತ ಸದ್ದು ಬಂತು. ಕಲಸಿದ ಬೋರ್ಡೋ ಮಾರನೇ ದಿನಕ್ಕೆ ಆಗುವುದಿಲ್ಲ. ಡ್ರಮ್ಮು ಪೂರ್ತಿ ದಂಡ. ಕೊನೆಗಾರ ಜಾರುವ ಮರದಿಂದ ಹೇಗೋ ಇಳಿದು ಬಂದು, ತಲೆ ಒರೆಸಿಕೊಳ್ಳುತ್ತಾ, "ನಾಳೆಯಿಂದ ನಿಮ್ಮ ಮೊಬೈಲನ್ನೇ ಮರ ಹತ್ಸಿ ಅಯ್ಯ" ಅಂದ.

ಆಮೇಲೆ ನಿದ್ದೆಯೇ ಹಾರಿಹೋಯಿತು. ಆ ಮಳೆಯಲ್ಲಿ ಕಾಯಿ ಬೀಳುವ ಸದ್ದು ಯಾರಿಗೂ ಕೇಳುವುದಿಲ್ಲ. ನನಗೆ ರಾತ್ರಿಯಿಡೀ ಕೇಳುತ್ತಿತ್ತು.

ಹನ್ನೊಂದನೇ ದಿನ ಕಾಫಿ ಕುಡಿಯುತ್ತಾ ಅಪ್ಪಯ್ಯ, "ಕಿಗ್ಗಕ್ಕೆ ಹೋಗಿ ಬರುವ" ಅಂದರು.

ಶೃಂಗೇರಿಯಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ, ನರಸಿಂಹ ಪರ್ವತದ ಬುಡದಲ್ಲಿದೆ ಕಿಗ್ಗ. ಅಲ್ಲಿರುವುದು ಋಷ್ಯಶೃಂಗೇಶ್ವರ. ಬರಗಾಲದ ಅಂಗದೇಶಕ್ಕೆ ಋಷ್ಯಶೃಂಗ ಮುನಿ ಕಾಲಿಟ್ಟ ಕೂಡಲೇ ಮಳೆ ಬಂತು ಅನ್ನುವ ಕಥೆ ನಿಮಗೂ ಗೊತ್ತಿರುತ್ತದೆ. ಹಾಗಾಗಿ ಮಳೆ ಬೇಕಾದವರು ಇಲ್ಲಿಗೆ ಬರುತ್ತಾರೆ. ನಮ್ಮಂತೆ ಮಳೆ ಸಾಕಾದವರೂ ಇಲ್ಲಿಗೇ ಬರುತ್ತಾರೆ. ಎರಡಕ್ಕೂ ಒಂದೇ ಕೌಂಟರ್ ಅಂತ ನಾನು ಕಾರಿನಲ್ಲಿ ತಮಾಷೆ ಮಾಡಿದೆ. ಅಪ್ಪಯ್ಯ ನಗಲಿಲ್ಲ. ವೈಪರ್ ಕಡೆ ನೋಡುತ್ತಾ ಕೂತಿದ್ದರು.

ನಾನು ಅಂಥ ದೊಡ್ಡ ಭಕ್ತನೇನಲ್ಲ. ಆದರೂ ಗರ್ಭಗುಡಿಯ ಮುಂದೆ ನಿಂತು ಕಣ್ಣು ಮುಚ್ಚಿ ಕೇಳಿಕೊಂಡೆ. ಏನಂತ ಗೊತ್ತಾ? "ಗುರುವಾರ, ಶುಕ್ರವಾರ ಎರಡು ದಿನ ಸಾಕು. ಬೆಳಿಗ್ಗೆ ಎಂಟರಿಂದ ನಾಲ್ಕರವರೆಗೆ." ಆಫೀಸಿನಲ್ಲಿ ರಜೆಗೆ ಮೇಲ್ ಹಾಕುವವನ ಹಾಗೆ.

ಕಣ್ಣು ಬಿಟ್ಟರೆ ಪಕ್ಕದಲ್ಲಿ ಒಬ್ಬ ಹಿರಿಯರು, ಅವರ ಹೆಂಡತಿ. ಕೈಯಲ್ಲಿ ಹಣ್ಣುಕಾಯಿ. ಕಡೂರು ಕಡೆಯವರು. ಭಟ್ಟರು ಸಂಕಲ್ಪಕ್ಕೆ ಗೋತ್ರ, ನಕ್ಷತ್ರ ಕೇಳಿ, "ಏನು ಪ್ರಾರ್ಥನೆ?" ಅಂದರು. "ಮಳೆ ಬೇಕು ಸ್ವಾಮಿ. ರಾಗಿಗೆ ಹೊಲ ಹಸನು ಮಾಡಿ ಒಂದು ತಿಂಗಳಾತು, ಹನಿ ಇಲ್ಲ" ಅಂದರು ಅವರು. ಹೊರಗೆ ಮಾಡಿನಿಂದ ನೀರು ಬಿಂದಿಗೆ ಬಗ್ಗಿಸಿದ ಹಾಗೆ ಸುರಿಯುತ್ತಿತ್ತು. ಆಯಮ್ಮ ಅದನ್ನೇ ನೋಡುತ್ತಿದ್ದರು. ಮದುವೆಮನೆಯಲ್ಲಿ ಬೇರೆಯವರ ಒಡವೆ ನೋಡುತ್ತಾರಲ್ವಾ, ಹಾಗೆ.

ಕಿಗ್ಗ, ಕಡೂರು ಎರಡೂ ಒಂದೇ ಜಿಲ್ಲೆ. ಈ ಕಡೆ ಗುಡ್ಡ ದಾಟಿದರೆ ಸಿಗುವ, ಪಕ್ಕದ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಕಡೂರಿನಲ್ಲಿ ಅದರ ಹತ್ತನೇ ಒಂದು ಪಾಲು ಬಂದರೆ ಹಬ್ಬ. ಭಟ್ಟರು ಅವರಿಗೆ ಮಳೆ ಬರಲಿ ಅಂತಲೂ ನಮಗೆ ಮಳೆ ನಿಲ್ಲಲಿ ಅಂತಲೂ ಒಂದೇ ರಾಗದಲ್ಲಿ ಸಂಕಲ್ಪ ಮಾಡಿಸಿ, ಒಂದೇ ತಟ್ಟೆಯ ಕುಂಕುಮ ಕೊಟ್ಟರು.

ನನಗೆ ನಾಚಿಕೆ ಅನ್ನಿಸಿತು. ಕೇಳಿದ್ದಕ್ಕಲ್ಲ. ಎಂಟರಿಂದ ನಾಲ್ಕರವರೆಗೆ ಅಂದೆನಲ್ಲ, ಅದಕ್ಕೆ. ಮೋಡಕ್ಕೆ ನಾನು ದಾರಿ ಹೇಳಿಕೊಡಲು ಹೊರಟಿದ್ದೆ. ನನ್ನ ಶೀಟಿನಲ್ಲಿ ಕಡೂರಿಗೆ ಒಂದು ಸಾಲೂ ಇರಲಿಲ್ಲ.

ಪ್ರಾಕಾರದಲ್ಲಿ ಕೂತು ಆ ಹಿರಿಯರ ಹತ್ತಿರ ಮಾತಾಡಿದೆವು. ನಾವು ಬಂದ ಕಾರಣ ಕೇಳಿ ಅವರು ಜೋರಾಗಿ ನಕ್ಕರು. ಫೋನ್ ನಂಬರ್ ತೆಗೆದುಕೊಂಡರು.

ವಾಪಸ್ ಬರುವಾಗ ಅಪ್ಪಯ್ಯನನ್ನು ಕೇಳಿದೆ, "ನೀವು ಏನು ಕೇಳ್ಕೊಂಡ್ರಿ?"

"ಏನೂ ಇಲ್ಲ. ಬಂದಿದೀನಿ ಅಂತ ಹೇಳಿದೆ."

"ಅಷ್ಟೇನಾ?"

"ಮತ್ತೆ? ಸುಣ್ಣ ಸರಿ ಇದೆಯಾ ಅಂತ ನೋಡೋದು ನಮ್ಮ ಕೆಲಸ. ಉಳಿದದ್ದು ನಿನ್ನ ಹತ್ರ ಕೇಳಿ ಮಾಡ್ತಾನಾ?"

ಗುರುವಾರ ಮಳೆ ಬಂತು. ಶುಕ್ರವಾರ ಇನ್ನೂ ಜಾಸ್ತಿ ಬಂತು. ಒಂಬತ್ತು ದಿನ ಬಿಟ್ಟು, ಪುಷ್ಯ ಮಳೆಯ ನಡುವೆ ಒಂದೂವರೆ ದಿನ ಬಿಡುವು ಸಿಕ್ಕಿತು. ಅಪ್ಪಯ್ಯ ಆಕಾಶ ನೋಡಿ "ಹೂಂ" ಅಂದ ಮೇಲೇ ಸುಣ್ಣ ನೆನೆಸಿದೆ. ಮುಕ್ಕಾಲು ತೋಟ ಮುಗಿಯಿತು. ಕೆಳಗಿನ ಹೊಂಡದ ತೋಟದಲ್ಲಿ ಕೊಳೆ ಹತ್ತಿಬಿಟ್ಟಿತ್ತು. ಬಿಳಿ ಬೂಸಲು ಹಿಡಿದ ಹಸಿ ಕಾಯಿಗಳನ್ನು ಅಮ್ಮ, ನಾನು ಎರಡು ದಿನ ಹೆಕ್ಕಿದೆವು. ನಷ್ಟ ಅಂದರೆ ನಷ್ಟವೇ, ಅದನ್ನು ಸಿಹಿ ಮಾಡಿ ಹೇಳಲು ನನಗೆ ಬರುವುದಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತಿತ್ತು.

ಕಾಯಿ ಹೆಕ್ಕುತ್ತಿರುವಾಗಲೇ ಫೋನ್ ಬಂತು. ಕಡೂರಿನ ಹಿರಿಯರು.

"ನಮ್ಮ ಕಡೆ ಹದವಾದ ಮಳೆ ಆತು ಸ್ವಾಮಿ, ಬಿತ್ತನೆ ಮುಗೀತು. ನಿಮ್ಮ ಕಡೆ ನಿಲ್ತಾ?"

"ಎಲ್ಲಿ, ಇನ್ನೂ ಹುಯ್ತಾನೇ ಇದೆ."

"ಹಂಗಾರೆ ನಮ್ಮ ಅರ್ಜಿನೇ ಮೊದ್ಲು ತಗಂಡಾನೆ ಬಿಡಿ!"

ಯಾರದು ಅಂತ ಅಪ್ಪಯ್ಯ ಕೇಳಿದರು. ಹೇಳಿದೆ. ಅವತ್ತು ಕಾರಿನಲ್ಲಿ ನಗದವರು ಈಗ ನಕ್ಕರು. "ರಾಗಿ ಆದ ಮೇಲೆ ಎರಡು ಸೇರು ತಂದು ಕೊಡೋಕೆ ಹೇಳು. ನಮ್ಮ ಪಾಲಿನ ಮಳೆ ಅದು."