ವೈನಿ ಮೊಣಕಾಲು ಒತ್ತಿದರು

ವಿಜಯಪುರ
2 ಫೆಬ್ರವರಿ 2025, ರವಿವಾರ, ರಾತ್ರಿ

"ರಕ್ತ ತೆಳುವಾಗೋ ಗುಳಿಗಿ ಏನರ ತಗೋತೀರೇನ್ರಿ ಅಕ್ಕಾರ?" ಅಂತ ಅಕ್ಯುಪಂಕ್ಚರ್ ಮಾಡುವ ಹುಡುಗಿ ಕೇಳಿದಳು. ವೈನಿ "ಇಲ್ಲವಾ" ಅಂದರು. ಅಂದವರೇ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತಿದರು.

ಆ ಗುಳಿಗೆ ಪ್ರತಿ ತಿಂಗಳು ಎಣಿಸಿ ಕೊಡುವವಳು ನಾನು. ಆಸ್ಪಿರಿನ್ನು, ಕ್ಲೋಪಿಡೋಗ್ರೆಲ್ಲು. ಹೋದ ಶ್ರಾವಣದಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಾಗಿನಿಂದ ನಮ್ಮ ಔಷಧಿ ಅಂಗಡಿಯ ಉದ್ರಿ ವಹಿಯಲ್ಲಿ ಅವರದೇ ಒಂದು ಪುಟ ಇದೆ. ಆದರೂ ನಾನು ಗೋಡೆಗೆ ಹಚ್ಚಿದ್ದ ಚಿತ್ರ ನೋಡುತ್ತಾ ಕೂತೆ. ಮನುಷ್ಯನ ಮುಖ, ಅದರ ತುಂಬ ಚುಕ್ಕಿ, ಚುಕ್ಕಿಗೊಂದು ನಂಬರು.

ಇದೆಲ್ಲ ಶುರುವಾದದ್ದು ವೈನಿಯ ಮಗಳ ನಿಶ್ಚಯದ ದಿನ. ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಾ, "ಹುಡುಗಿ ಅಜ್ಜಿ ಅಲ್ರಿ ನೀವು? ಮುಂದ ಬರ್ರಿ" ಅಂದುಬಿಟ್ಟ. ವೈನಿಗೆ 54. ಪಕ್ಕದಲ್ಲಿ ಬೀಗತಿ, ಇವರಿಗಿಂತ ಎರಡು ವರ್ಷ ದೊಡ್ಡಾಕಿ, ಗಲ್ಲ ಮಾತ್ರ ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ. ವೈನಿ ನಕ್ಕರು. ಫೋಟೋದಲ್ಲೂ ಆ ನಗು ಹಾಗೇ ಬಂದಿದೆ. ಆಮೇಲೆ ಯಾರದೋ ಮಾತು ಕೇಳಿ, ಅಕ್ಷಯ ತದಿಗೆ ಆದ ವಾರಕ್ಕೆ ಮದುವೆ, ಅಷ್ಟರೊಳಗೆ ಮುಖದ ಸುಕ್ಕಿಗೆ ಹತ್ತು ಸಿಟ್ಟಿಂಗು ಅಕ್ಯುಪಂಕ್ಚರ್ ಅಂತ ರೊಕ್ಕ ಮುಂಗಡ ಕೊಟ್ಟು ಬಂದರು. ಎಷ್ಟು ಅಂತ ನನಗೂ ಹೇಳಿಲ್ಲ. "ನ್ಯಾಚುರಲ್ ಐತಿ. ಔಷಧಿಲ್ಲ, ಕೆಮಿಕಲ್ ಇಲ್ಲ. ಬರೇ ಸೂಜಿ." ಅಣ್ಣನಿಗೆ ಗೊತ್ತಿಲ್ಲ. ಅದಕ್ಕೇ ಜೊತೆಗೆ ನಾನು.

ಸೂಜಿ ಹಾಕುವ ಹುಡುಗಿ ಒಳ್ಳೆಯವಳೇ. ಮೂವತ್ತು ದಾಟಿರಲಿಕ್ಕಿಲ್ಲ. ಕೈ ತೊಳೆದುಕೊಂಡು ಬಂದು, ನಮ್ಮೆದುರೇ ಹೊಸ ಪಾಕೀಟು ಹರಿದಳು. ಅಂಗಡಿಯವಳ ಕಣ್ಣು ನೋಡಿ, ನಾನು ಪಾಕೀಟು ಇಸಕೊಂಡು ಓದಿದೆ. 0.16 ಮಿಲಿಮೀಟರ್. ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿಗೆ ಮಾರುವ ಇನ್ಸುಲಿನ್ ಸೂಜಿಯೇ 0.25, ಅದಕ್ಕಿಂತಲೂ ಸಣ್ಣ. ಒಳಗೆ ತೂತಿಲ್ಲ, ಒಳಗೆ ಹಾಕುವುದಕ್ಕೆ ಏನೂ ಇಲ್ಲವಲ್ಲ. ಮೊದಲು ಹೆಬ್ಬೆರಳು ತೋರುಬೆರಳಿನ ನಡುವೆ ಒಂದು, ಮೊಣಕಾಲಿನ ಕೆಳಗೊಂದು, ಆಮೇಲೆ ಹುಬ್ಬಿನ ನಡುವೆ. ಮುಖ ಸರಿ ಮಾಡಲು ಕಾಲಿಗೇಕೆ ಅಂತ ಕೇಳಿದೆ. ಚೀನಾದವರ ಲೆಕ್ಕದಲ್ಲಿ ಮೈತುಂಬ ದಾರಿಗಳಿವೆ, ಅವುಗಳಲ್ಲಿ ‘ಚೀ’ ಅನ್ನುವ ಶಕ್ತಿ ಹರಿಯುತ್ತದೆ, ಮುಖಕ್ಕೆ ಬರುವ ದಾರಿ ಕಾಲಿನಲ್ಲೂ ಇರುತ್ತದೆ ಅಂದಳು. ಇನ್ನೊಂದು ಲೆಕ್ಕವನ್ನೂ ಹೇಳಿದಳು, ನನಗೆ ಅದು ಹಿಡಿಸಿತು: ಸೂಜಿ ಮಾಡಿದ ಸಣ್ಣ ಗಾಯ ಮುಚ್ಚಲು ರಕ್ತ ಅಲ್ಲಿಗೆ ಓಡಿ ಬರುತ್ತದೆ, ಗಾಯ ಮಾಯಿಸುವಾಗ ಚರ್ಮ ತನ್ನನ್ನು ಬಿಗಿಯಾಗಿಡುವ ಕೊಲಾಜನ್ ಅನ್ನುವ ನಾರನ್ನು ಹೊಸದಾಗಿ ನೇಯುತ್ತದೆ.

"ಖಾತ್ರಿ ಐತೇನು?" ಅಂದೆ.

ಅವಳು ಸುಳ್ಳು ಹೇಳಲಿಲ್ಲ. ಕೊರಿಯಾದಲ್ಲಿ 28 ಹೆಣ್ಣುಮಕ್ಕಳ ಮೇಲೆ ಮಾಡಿ ನೋಡಿ 2013ರಲ್ಲಿ ಪ್ರಕಟಿಸಿದ್ದರಂತೆ, ಮೂರು ವಾರದಲ್ಲಿ ಐದು ಸಲ. ಚರ್ಮದ ಬಿಗಿ ಸ್ವಲ್ಪ ಹೆಚ್ಚಾಗಿತ್ತಂತೆ. "ಆದ್ರ ಸೂಜಿ ಹಾಕದ ಮಂದೀನ್ನ ಬಾಜೂಕ ಇಟ್ಟು ನೋಡಿರಲಿಲ್ರಿ ಅಕ್ಕಾರ. ಮತ್ತ ಆಗಾಗ ಮಾಡಿಸ್ಕೋತನ ಇರಬೇಕು." ವೈನಿ ಕಣ್ಣು ಮುಚ್ಚಿದ್ದರು. ಕೇಳಿಸಿತೋ ಇಲ್ಲವೋ.

ಅವರನ್ನು ಮಾತಿಗೆ ಹಚ್ಚಲು ಹುಡುಗಿ ಕೋಟ್ನಿಸರ ಕತೆ ತೆಗೆದಳು. ನಮ್ಮ ಬಾಜೂಕಿನ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್, 1938ರಲ್ಲಿ ಚೀನಾಕ್ಕೆ ಹೋದ ಐವರು ಡಾಕ್ಟರಲ್ಲಿ ಒಬ್ಬರು, 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆ ಹೋಗಿದ್ದ ಕಲಕತ್ತೆಯ ಬಸು ಡಾಕ್ಟರು ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆ ಕಲಿತು, 1959ರಲ್ಲಿ ನಮ್ಮ ದೇಶಕ್ಕೆ ತಂದರಂತೆ. ವೈನಿ ಕಣ್ಣು ಮುಚ್ಚಿಕೊಂಡೇ, "ಸೊಲ್ಲಾಪುರಕ್ಕ ಜವಳಿ ತರಾಕ ಹೋಗೂದೈತಿ, ನೆನಪ ಮಾಡಿದಿ ನೋಡು" ಅಂದರು.

ಹಣೆಯ ತುಂಬ ಸೂಜಿ ನೆಟ್ಟುಕೊಂಡು ಜವಳಿ ಲೆಕ್ಕ. ನನಗೆ ನಗು ತಡೆಯಲಿಲ್ಲ.

ಇಪ್ಪತ್ತು ನಿಮಿಷ ಹಾಗೇ ಮಲಗಬೇಕು. ಆಗ ನಾನು ಎದುರಿನ ಕನ್ನಡಿ ನೋಡಿಕೊಂಡೆ. ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಬಾಯಿ ತೆರೆಯದೆ ಕೂತದ್ದಕ್ಕೆ ವೈನಿಯ ಮರ್ಯಾದೆ ಒಂದೇ ಕಾರಣವಲ್ಲ. ಇವರಿಗೆ ಗುಣ ಕಂಡರೆ ಮುಂದಿನ ತಿಂಗಳು ನಾನೂ... ಅನ್ನುವುದು ತಲೆಯಲ್ಲಿ ಆಗಲೇ ಬಂದು ಕೂತಿತ್ತು. ದಿನಾ ಕೌಂಟರಿನಲ್ಲಿ, ಸ್ಟೆರಾಯ್ಡ್ ಇರುವ ಕ್ರೀಮು ಬೆಳ್ಳಗಾಗಲು ಹಚ್ಚಬ್ಯಾಡ್ರವಾ, ಚೀಟಿ ಇಲ್ಲದೆ ಕೊಡೂದಿಲ್ಲ ಅಂತ ಕಾಲೇಜು ಹುಡುಗಿಯರನ್ನು ಗದರಿಸಿ ಕಳಿಸುವವಳು ನಾನು.

ಸೂಜಿ ತೆಗೆಯುವಾಗ ಎಡಗಣ್ಣಿನ ಕೆಳಗೆ ಒಂದು ಹನಿ ರಕ್ತ. ಹತ್ತಿ ಒತ್ತಿ ಹಿಡಿದಳು. ನಿಲ್ಲಲಿಲ್ಲ. ಮತ್ತೆ ಒತ್ತಿದಳು. ನೋಡ ನೋಡುತ್ತ ಅಲ್ಲೇ ನೀಲಿ ಊತ. ಹುಡುಗಿ ಗಾಬರಿಯಾಗಿ, "ಗುಳಿಗಿ ಇಲ್ಲ ಅಂದ್ರೆಲ್ರಿ? ಹೇಳಿದ್ರ ಕಣ್ಣಿನ ಸುತ್ತ ಬಿಟ್ಟು ಹಾಕ್ತಿದ್ದೆ" ಅಂದಳು. ನೋಡಿದ್ದು ಮಾತ್ರ ನನ್ನನ್ನು.

ಆಟೋದಲ್ಲಿ ಬಾರಾ ಕಮಾನ್ ದಾಟುವವರೆಗೂ ಇಬ್ಬರದೂ ಮಾತಿಲ್ಲ. ಆಮೇಲೆ ವೈನಿ, "ನಾ ಸುಳ್ಳ ಹೇಳಿಲ್ಲ. ಶುಕ್ರವಾರದಿಂದ ಬಿಟ್ಟೀನಿ" ಅಂದರು.

"ಏನ ಬಿಟ್ಟೀರಿ?"

"ಎರಡೂ. ನೀಲಿ ಆಗಬಾರದಂತ."

ನನ್ನ ಕೈಕಾಲು ತಣ್ಣಗಾದವು. ಆಸ್ಪಿರಿನ್ ತಟ್ಟಿದ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟು ತಾನು ಸಾಯುವವರೆಗೂ ಹಾಗೇ ಇರುತ್ತದೆ. ಅದರ ಆಯುಷ್ಯ ಏಳರಿಂದ ಹತ್ತು ದಿನ. ಎರಡು ದಿನ ಬಿಟ್ಟರೆ ನೀಲಿಯೂ ತಪ್ಪುವುದಿಲ್ಲ, ಆ ಕಡೆ ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿದರೆ... ಡಾಕ್ಟರ ಮಾತಿಲ್ಲದೆ ಒಂದು ದಿನವೂ ತಪ್ಪಿಸಬ್ಯಾಡ್ರಿ ಅಂತ ಪ್ರತಿ ತಿಂಗಳು ಪಾಕೀಟಿನ ಮೇಲೆ ಬರೆದು ಕೊಡುತ್ತೇನೆ. ಆಟೋದವನಿಗೆ ಕೇಳಿಸುವ ಹಾಗೆ ಬೈದೆ. ವೈನಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, "ನಿಮ್ಮಣ್ಣನ ಮಾರೀನ ಯಾರೂ ನೋಡೂದಿಲ್ಲ. ಬಲಗಡಿ ಮುದುಕ, ಎಡಗಡಿ ಹುಡುಗ. ಅವಂಗ ಅಜ್ಜ ಅಂತ ಯಾರರ ಅಂದಾರೇನು?" ಅಂದರು.

ಅದು ಖರೆ. ಮೂವತ್ತು ವರ್ಷ ಬಸ್ಸಿನ ಸ್ಟೇರಿಂಗು, ಬಲಗಡೆ ಕಿಟಕಿ, ನಮ್ಮ ಬಿಸಿಲು. ಅಮೆರಿಕದ ಡಾಕ್ಟರ ಪತ್ರಿಕೆಯಲ್ಲಿ 2012ರಲ್ಲಿ ಇಂಥದೇ ಒಂದು ಫೋಟೋ ಬಂದಿತ್ತು. 28 ವರ್ಷ ಟ್ರಕ್ಕು ಹೊಡೆದವನು, ಮುಖದ ಒಂದೇ ಬದಿಗೆ ಸುಕ್ಕು, ಅವನದು ಎಡಗಡೆ. ಕಿಟಕಿಯ ಗಾಜು ಮುಚ್ಚಿದ್ದರೂ ಸುಕ್ಕು ತರುವ ಬಿಸಿಲಿನ ಕಿರಣ ಒಳಗೆ ಬರುತ್ತದೆ. ಇದನ್ನು ಹೇಳಿ ನಗಿಸೋಣ ಅಂದುಕೊಂಡೆ. ಹೇಳಲಿಲ್ಲ.

ಸಂಜೆ ಅವ್ವನಿಗೆ ಸೂಜಿಯ ಸಂಗತಿಯಷ್ಟೇ ಹೇಳಿದೆ, ಗುಳಿಗೆಯದಲ್ಲ. ಸೀತನಿ ಮೆಲ್ಲುತ್ತಿದ್ದವಳು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಹಣೆಯ, ಗದ್ದದ ಹಚ್ಚಿ ಬೊಟ್ಟು ಮುಟ್ಟಿ ತೋರಿಸಿ, "ನಾ ಒಂಬತ್ತ ವರ್ಷದಾಕಿ ಇದ್ದಾಗs ಮಾರಿ ತುಂಬ ಚುಚ್ಚಿಸ್ಕೊಂಡೀನಿ. ಸುಕ್ಕು ಬರೂದು ಬಿಡ್ತೇನ?" ಅಂದಳು. ಆ ಹಸಿರು ಚುಕ್ಕಿಗಳು ಈಗ ನೆರಿಗೆಯೊಳಗೆ ಮುಳುಗಿ ಹೋಗಿವೆ, ಹುಡುಕಬೇಕು. ಹಚ್ಚಿ ಹಾಕಾಕಿಗೆ ಎರಡು ಸೇರು ಜೋಳ ಕೊಟ್ಟಿದ್ದರಂತೆ. ವೈನಿ ಎಷ್ಟು ಕೊಟ್ಟರು ಅಂತ ಕೇಳಿದಳು.

ಒಂಬತ್ತಕ್ಕೆ ವೈನಿ ವಾಟ್ಸಾಪಿನಲ್ಲಿ ಕಣ್ಣಿನ ಫೋಟೋ ಕಳಿಸಿದರು. ನೀಲಿ ಈಗ ಗಲ್ಲಕ್ಕೆ ಇಳಿದಿದೆ. "ಅರಿಶಿಣ ಹಚ್ಚಲೇನು?" ನಾನು ಕೇಳಿದ್ದು: "ಗುಳಿಗಿ ತಗೊಂಡ್ರೇನು?" ಉತ್ತರ: "ಹೂಂ."

ಈಗ ಹನ್ನೊಂದೂವರೆ. ಅಣ್ಣ ಬೆಂಗಳೂರು ಗಾಡಿಯ ಮೇಲಿದ್ದಾನೆ, ಸ್ಟೇರಿಂಗ್ ಹಿಡಿದವನಿಗೆ ಫೋನ್ ಮಾಡಿ ಇದನ್ನು ಹೇಳಲಾಗದು. ಡಾಕ್ಟರಿಗೆ ನಾಳೆ ನಾನೇ ಹೇಳಬೇಕು. ಅದಕ್ಕೂ ಮೊದಲು, ಅಂಗಡಿ ತೆಗೆಯುವ ಮುಂಚೆ, ಅವರ ಮನೆಗೆ ಹೋಗಿ ಡಬ್ಬಿ ನೋಡುತ್ತೇನೆ. ಜನವರಿ 20ಕ್ಕೆ ಎರಡರದ್ದೂ 30-30 ಗುಳಿಗೆ ಕೊಟ್ಟಿದ್ದೆ, ಅವತ್ತಿನ ರಾತ್ರಿಯಿಂದಲೇ ಶುರು, ದಿನಕ್ಕೊಂದೊಂದು. ಬಿಡದೆ ತಗೊಂಡಿದ್ದರೆ ಒಂದೊಂದರಲ್ಲೂ 16 ಉಳಿದಿರಬೇಕಿತ್ತು. 18 ಇದ್ದರೆ ಇವತ್ತು ತಗೊಂಡದ್ದು ಖರೆ. 19 ಇದ್ದರೆ