“ಒಂದು ‘ಹೌದು’ ಹೇಳಿದ್ರೆ ಏನಾಗ್ತಿತ್ತು ಮೇಡಂ?”

ನಾನು ಮಕ್ಕಳ ಮನಃಶಾಸ್ತ್ರಜ್ಞೆ. ಬಾಲ ನ್ಯಾಯ ಮಂಡಳಿ ಹೇಳಿದಾಗ ಅಪರಾಧದ ಆರೋಪ ಹೊತ್ತ ಹುಡುಗರನ್ನು ಭೇಟಿಯಾಗಿ ವರದಿ ಬರೆದುಕೊಡುವುದು ನನ್ನ ಕೆಲಸದ ಒಂದು ಭಾಗ. ಇದು ಎಂಥ ಕೆಲಸ ಅಂತ ಹತ್ತಿರದವರಿಗೆ ತಿಳಿಸಿ ಹೇಳುವುದೂ ಕಷ್ಟವಾಗಿತ್ತು. 2025ರ ಮಾರ್ಚ್ ಆದ ಮೇಲೆ ಆ ಕಷ್ಟ ತಪ್ಪಿತು. ಈಗ ಅವರೇ ಕೇಳುತ್ತಾರೆ: “‘ಅಡೋಲೆಸೆನ್ಸ್’ ಸೀರೀಸ್‌ನ ಮೂರನೇ ಎಪಿಸೋಡ್‌ನಲ್ಲಿ ಒಬ್ಬಳು ಬರ್ತಾಳಲ್ಲ, ನೀವು ಮಾಡೋದೂ ಅದೇ ಕೆಲಸನಾ?” ಹೆಚ್ಚುಕಮ್ಮಿ ಅದೇ.

ಹಾಗೆ ಕೇಳಿದವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಆ ಕಂತು ನೋಡಿ ತಮಗೆ ಏನನ್ನಿಸಿತು ಅಂತ ಹೇಳುತ್ತಾರೆ. ಕೆಲವರಿಗೆ ಕಣ್ಣೀರು ಬಂದಿರುತ್ತದೆ, ಕೆಲವರಿಗೆ ಸಿಟ್ಟು. ಆ ಮಾತುಗಳನ್ನು ಕೇಳುತ್ತಾ ನಮ್ಮ ಕೆಲಸದ ರೀತಿಯೇ ಸ್ವಲ್ಪ ಬದಲಾಗಿದೆ. ಅದನ್ನು ಬರೆಯುತ್ತಿದ್ದೇನೆ. ನಾನು ಭೇಟಿಯಾದ ಯಾವ ಮಗುವಿನ ಕಥೆಯೂ ಇಲ್ಲಿ ಬರುವುದಿಲ್ಲ. ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಅಂಥ ಮಕ್ಕಳ ಗುರುತು ಬಯಲಾಗುವುದನ್ನು ತಡೆಯುತ್ತದೆ. ಆ ಸೆಕ್ಷನ್ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ಸೀರೀಸ್ ಇನ್ನೂ ನೋಡಿಲ್ಲದವರು ನೋಡಿಕೊಂಡು ಬನ್ನಿ, ಮುಂದೆ ಕಥೆ ಪೂರ್ತಿ ಬರುತ್ತದೆ.

ಇಂಗ್ಲೆಂಡಿನ ಒಂದು ಊರು. 13 ವರ್ಷದ ಜೇಮಿ ಮಿಲ್ಲರ್‌ನನ್ನು ಪೊಲೀಸರು ಬೆಳಬೆಳಗ್ಗೆ ಬಾಗಿಲು ಒಡೆದು ಬಂದು ಹಿಡಿದುಕೊಂಡು ಹೋಗುತ್ತಾರೆ. ಸಹಪಾಠಿ ಕೇಟಿಯನ್ನು ಚಾಕುವಿನಿಂದ ಚುಚ್ಚಿ ಕೊಂದ ಆರೋಪ. ಒಟ್ಟು ನಾಲ್ಕು ಕಂತು. ಒಂದೊಂದು ಕಂತನ್ನೂ ಎಲ್ಲೂ ಕಟ್ ಇಲ್ಲದೆ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ. ಬರೆದವರು ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ, ನಿರ್ದೇಶಕರು ಫಿಲಿಪ್ ಬ್ಯಾರಂಟಿನಿ. ನೆಟ್‌ಫ್ಲಿಕ್ಸ್‌ನಲ್ಲಿ ಮೊದಲ 91 ದಿನಗಳಲ್ಲೇ 14 ಕೋಟಿಗೂ ಜಾಸ್ತಿ ವ್ಯೂ ಆಯಿತು. ಬ್ರಿಟನ್ ಪ್ರಧಾನಿ ಕೀರ್ ಸ್ಟಾರ್ಮರ್ ತಮ್ಮ ಹದಿಹರೆಯದ ಮಕ್ಕಳ ಜೊತೆ ಕೂತು ನೋಡಿದೆ ಎಂದರು. ಅಲ್ಲಿನ ಹೈಸ್ಕೂಲುಗಳಿಗೆ ಇದನ್ನು ಉಚಿತವಾಗಿ ತೋರಿಸಲು ಕೊಟ್ಟರು.

ಮೊದಲ ಕಂತು ನೋಡಿದವರು ಬಹಳ ಜನ “ಕೊನೆಗೆ ಬೇರೆ ಯಾರೋ ಸಿಕ್ಕಿಬೀಳ್ತಾರೆ ನೋಡಿ” ಅಂತ ಕಾದರು. ಅಪ್ಪ ಇರಬಹುದು, ಗೆಳೆಯ ಇರಬಹುದು ಅಂತ ಲೆಕ್ಕ ಹಾಕಿದರು. ಆದರೆ ಆ ಕಂತು ಮುಗಿಯುವ ಮೊದಲೇ ಸಿಸಿಟಿವಿ ದೃಶ್ಯದಲ್ಲಿ ಎಲ್ಲಾ ಕಾಣುತ್ತದೆ. ಮಾಡಿದ್ದು ಜೇಮಿಯೇ. ಪತ್ತೇದಾರಿ ಕಥೆ ನೋಡಿ ಅಭ್ಯಾಸವಾದವರಿಗೆ ಇದು ನಂಬಲಾಗದ ವಿಷಯ. ಅದಿರಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಕಂತು.

ಏಳು ತಿಂಗಳು ಕಳೆದಿರುತ್ತದೆ. ಜೇಮಿ ಮಕ್ಕಳನ್ನು ಇಡುವ ಬಂದೋಬಸ್ತಿನ ಕೇಂದ್ರದಲ್ಲಿದ್ದಾನೆ. ಬ್ರಯೋನಿ ಎಂಬ ಮನಃಶಾಸ್ತ್ರಜ್ಞೆ ಬರುತ್ತಾಳೆ. ಅವನಿಗೆ ಹಾಟ್ ಚಾಕೊಲೇಟ್ ತಂದಿರುತ್ತಾಳೆ, ತನ್ನ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಡುತ್ತಾಳೆ. ಅಪ್ಪನ ಬಗ್ಗೆ, ಗಂಡಸು ಅಂದರೆ ಹೇಗಿರಬೇಕು ಅನ್ನುವ ಬಗ್ಗೆ, ಹುಡುಗಿಯರ ಬಗ್ಗೆ ಕೇಳುತ್ತಾಳೆ. ಹುಡುಗ ನಗುತ್ತಾನೆ, ಗದರುತ್ತಾನೆ, ಕಪ್ ಎಸೆಯುತ್ತಾನೆ, ಎದ್ದು ಅವಳ ಮೈಮೇಲೆ ಬಂದು ನಿಲ್ಲುತ್ತಾನೆ. ಕೊನೆಗೆ ಅವಳು ಇದೇ ನಮ್ಮ ಕೊನೆಯ ಭೇಟಿ ಎನ್ನುತ್ತಾಳೆ. ಅವನು ಕುಸಿದುಹೋಗುತ್ತಾನೆ. ನಿಮಗೆ ನಾನಂದರೆ ಇಷ್ಟನಾ, ಸ್ವಲ್ಪನಾದರೂ ಇಷ್ಟನಾ ಅಂತ ಕೂಗುತ್ತಾನೆ. ಅವಳು ಉತ್ತರ ಕೊಡುವುದಿಲ್ಲ. ಕಾವಲುಗಾರ ಅವನನ್ನು ಎಳೆದುಕೊಂಡು ಹೋಗುತ್ತಾನೆ.

ಇದನ್ನು ನೋಡಿದ ಜನ ನನಗೆ ಅತಿ ಹೆಚ್ಚು ಕೇಳಿದ ಪ್ರಶ್ನೆ ಒಂದೇ: ಒಂದು “ಹೌದು” ಹೇಳಿದ್ದರೆ ಅವಳ ಗಂಟೇನು ಹೋಗುತ್ತಿತ್ತು? ಎಷ್ಟಾದರೂ ಮಗು ಅಲ್ವಾ?

ಈ ಪ್ರಶ್ನೆಯ ಹಿಂದೆ ಇರುವುದು ಕರುಣೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಬ್ರಯೋನಿ ಕೌನ್ಸೆಲರ್ ಆಗಿ ಬಂದವಳಲ್ಲ. ಅವನಿಗೆ ಚಿಕಿತ್ಸೆ ಕೊಡುತ್ತಿಲ್ಲ. ಕೋರ್ಟಿಗೆ ವರದಿ ಬರೆಯಲು ಬಂದಿದ್ದಾಳೆ. ತಾನು ಮಾಡಿದ್ದು ಏನು ಅಂತ ಈ ಹುಡುಗನಿಗೆ ಎಷ್ಟು ಅರ್ಥವಾಗಿದೆ ಅನ್ನುವುದನ್ನು ಅವಳು ನೋಡಬೇಕು. ಅವಳು “ಇಷ್ಟ” ಎಂದರೆ ಅವನು ಅದನ್ನು ತೀರ್ಪಿನ ಸುಳಿವು ಅಂತ ಹಿಡಿದುಕೊಳ್ಳುತ್ತಾನೆ. ನಾಳೆ ವರದಿಯಲ್ಲಿ ಬೇರೆ ಏನೋ ಓದಿದಾಗ ಅದು ಮೋಸ ಅನ್ನಿಸುತ್ತದೆ. “ಇಷ್ಟ ಇಲ್ಲ” ಎಂದರಂತೂ ಕೇಳುವುದೇ ಬೇಡ. ಹಾಗಾಗಿ ಅವಳು ಉತ್ತರ ಕೊಡದೇ ಹೋಗಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ನನಗೆ ನೋವಾಗಿದ್ದು ಬೇರೆ ಕಡೆ. ಇದು ಕೊನೆಯ ಭೇಟಿ ಅನ್ನುವುದು ಆ ಹುಡುಗನಿಗೆ ದಿಢೀರ್ ಅಂತ ಗೊತ್ತಾಯಿತು. ಮನೆಯವರಿಂದ ದೂರ, ಬೀಗದ ಬಾಗಿಲುಗಳ ಒಳಗೆ ಇರುವ ಮಗುವಿಗೆ ವಾರಕ್ಕೊಮ್ಮೆ ಬಂದು ಗಮನ ಕೊಟ್ಟು ಕೇಳುವ ಒಬ್ಬ ದೊಡ್ಡವರು ಅಂದರೆ ಎಷ್ಟು ದೊಡ್ಡ ವಿಷಯ ಅಂತ ಹೊರಗಿನವರಿಗೆ ಊಹಿಸುವುದೂ ಕಷ್ಟ.

ನಮ್ಮ ಕಾನೂನಿನಲ್ಲಿ 13 ವರ್ಷದ ಹುಡುಗನ ಹಾದಿಯೇ ಬೇರೆ. ಇಂಗ್ಲೆಂಡಿನಲ್ಲಿ 10 ವರ್ಷ ತುಂಬಿದರೆ ಕ್ರಿಮಿನಲ್ ಕೇಸ್ ಹಾಕಬಹುದು. ನಮ್ಮಲ್ಲಿ ಅವನ ವಿಚಾರಣೆ ಮಂಡಳಿಯ ಮುಂದೆಯೇ ನಡೆಯುತ್ತದೆ. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಎಂಥ ಆರೋಪವಿದ್ದರೂ ಹೆಚ್ಚೆಂದರೆ 3 ವರ್ಷ ವಿಶೇಷ ಗೃಹದಲ್ಲಿ ಇಡಬಹುದು. 16 ದಾಟಿ 18 ತುಂಬದವರ ಮೇಲೆ ಘೋರ ಅಪರಾಧದ ಆರೋಪ ಬಂದರೆ ಮಾತ್ರ 15ನೇ ಸೆಕ್ಷನ್ ಪ್ರಕಾರ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು. ಆ ಕೆಲಸ ಮಾಡುವ ದೇಹ ಮತ್ತು ಮನಸ್ಸಿನ ಸಾಮರ್ಥ್ಯ ಅವನಿಗಿತ್ತೇ, ಪರಿಣಾಮ ತಿಳಿಯುವ ಶಕ್ತಿ ಇತ್ತೇ, ಯಾವ ಸಂದರ್ಭದಲ್ಲಿ ನಡೆಯಿತು ಅಂತ ನೋಡಬೇಕು. ಇದರ ಮೇಲೆ ಅವನನ್ನು ದೊಡ್ಡವರಂತೆ ವಿಚಾರಣೆ ಮಾಡಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬೇಕೇ ಬೇಡವೇ ಅಂತ ಮಂಡಳಿ ತೀರ್ಮಾನಿಸುತ್ತದೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಓದಿದವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನು ಹೋಗುವುದು ಆ ಜಾಗಕ್ಕೆ. “ಮೂರೇ ವರ್ಷನಾ?” ಅಂತ ಹುಬ್ಬೇರಿಸಿದವರನ್ನೂ ನೋಡಿದ್ದೇನೆ, “ಪಾಪ, ಬಿಟ್ಟುಬಿಡಬೇಕು” ಎಂದವರನ್ನೂ ನೋಡಿದ್ದೇನೆ. ಎಷ್ಟೋ ಸಲ ಎರಡೂ ಮಾತು ಒಬ್ಬರೇ ಆಡಿರುತ್ತಾರೆ.

ಎಂ.ಎಸ್.ಡಬ್ಲ್ಯೂ ಮತ್ತು ಸೈಕಾಲಜಿ ಓದುವವರು ನಮ್ಮ ತಂಡಕ್ಕೆ ತರಬೇತಿಗೆ ಬರುತ್ತಾರೆ. ಅವರನ್ನು ವೀಕ್ಷಣಾಲಯಕ್ಕೆ, ಅಂದರೆ ವಿಚಾರಣೆ ನಡೆಯುವಾಗ ಇಂಥ ಹುಡುಗರನ್ನು ಇಡುವ ಜಾಗಕ್ಕೆ, ಕರೆದುಕೊಂಡು ಹೋಗುವ ಮುಂಚೆ ಈಗ ನಾನು ಈ ಮೂರನೇ ಕಂತನ್ನು ತೋರಿಸುತ್ತೇನೆ. ಮೊದಲು ಪಾಠ ಮಾಡುವುದಿಲ್ಲ. ಏನನ್ನಿಸಿತು ಅಂತ ಮಾತ್ರ ಕೇಳುತ್ತೇನೆ. ಆ ಉತ್ತರದಲ್ಲೇ ಅವರು ಮುಂದೆ ಎಲ್ಲಿ ಎಡವಬಹುದು ಅಂತ ಕಾಣುತ್ತದೆ. ಜೇಮಿಯ ಕಣ್ಣೀರು ನೋಡಿ ಕರಗಿದವರು ವರದಿ ಬರೆಯುವಾಗ ಕಷ್ಟದ ಸಾಲುಗಳನ್ನು ಬಿಟ್ಟುಬಿಡುತ್ತಾರೆ. ಅವನು ಎದ್ದು ನಿಂತಾಗ ಹೆದರಿದವರು ಹುಡುಗ ಸ್ವಲ್ಪ ದನಿ ಎತ್ತಿದರೂ “ಆಕ್ರಮಣಕಾರಿ” ಅಂತ ಬರೆಯುತ್ತಾರೆ. ಬ್ರಯೋನಿ ಬೇಕಂತಲೇ ಅವನನ್ನು ಕೆರಳಿಸಿದಳು ಅಂತ ಸಿಟ್ಟಾದವರಿಗೆ ಪ್ರಶ್ನೆ ಕೇಳುವುದೇ ತಪ್ಪು ಅನ್ನಿಸುತ್ತದೆ, ಭೇಟಿ ಪೂರ್ತಿ ಕ್ರಿಕೆಟ್ ಮಾತಾಡಿಕೊಂಡು ಬರುತ್ತಾರೆ. ಯಾರದೂ ಕೆಟ್ಟ ಮನಸ್ಸಲ್ಲ. ತಮ್ಮ ಒಲವು ಯಾವ ಕಡೆ ಇದೆ ಅಂತ ಮೊದಲೇ ಗೊತ್ತಿದ್ದರೆ ಬರೆಯುವಾಗ ಕೈ ಎಚ್ಚರವಾಗಿರುತ್ತದೆ.

ಆ ಕಂತಿನಲ್ಲಿ ಒಂದು ಆಕಳಿಕೆ ಇದೆ. ಶೂಟಿಂಗ್ ವೇಳೆ ಜೇಮಿ ಪಾತ್ರ ಮಾಡಿದ ಓವನ್ ಕೂಪರ್ ಎಂಬ ಹುಡುಗ ನಿಜವಾಗಿಯೂ ಆಕಳಿಸಿದ. ಎದುರಿಗಿದ್ದ, ಬ್ರಯೋನಿ ಪಾತ್ರದ ಎರಿನ್ ಡೋಹರ್ಟಿ ಅಲ್ಲೇ ಹೊಳೆದಂತೆ, ನಾನು ನಿನಗೆ ಬೋರ್ ಹೊಡೆಸ್ತಿದ್ದೀನಾ ಅಂತ ಕೇಳಿದರು. ಅದು ಹಾಗೇ ಉಳಿಯಿತು. ಅದು ಅವನ ಮೊದಲ ನಟನೆ. ಆ ಪಾತ್ರಕ್ಕೆ 15ನೇ ವಯಸ್ಸಿಗೇ ಎಮ್ಮಿ ಪ್ರಶಸ್ತಿ ಬಂತು. ತರಬೇತಿಗೆ ಬಂದವರನ್ನು ಕೇಳಿದರೆ ಬಹಳಷ್ಟು ಜನ ಆ ಆಕಳಿಕೆಯನ್ನು “ಪಶ್ಚಾತ್ತಾಪ ಇಲ್ಲ ಅನ್ನೋದಕ್ಕೆ ಗುರುತು” ಅಂತ ಬರೆದುಕೊಂಡಿರುತ್ತಾರೆ. ನಮ್ಮ ಕೆಲಸದಲ್ಲಿ ಈ ಒಂದು ಸಾಲು ಹುಡುಗನಿಗೆ ತುಂಬಾ ದುಬಾರಿ ಆಗಬಹುದು. ಆಕಳಿಕೆಗೆ ನೂರು ಕಾರಣ ಇರುತ್ತದೆ. ಹೊಸ ಜಾಗ, ರಾತ್ರಿ ನಿದ್ದೆ ಇಲ್ಲ, ಕುಡಿಯುತ್ತಿದ್ದವನಿಗೆ ಅಥವಾ ಗಾಂಜಾ ಸೇದುತ್ತಿದ್ದವನಿಗೆ ಅದು ತಪ್ಪಿದೆ, ಮಾತ್ರೆ ಕೊಟ್ಟಿದ್ದಾರೆ, ಇಲ್ಲಾ ಭಯಕ್ಕೇ ಆಕಳಿಸುತ್ತಿದ್ದಾನೆ. ಪಶ್ಚಾತ್ತಾಪ ಇದೆಯಾ ಅಂತ 15ನೇ ಸೆಕ್ಷನ್ ನಮ್ಮನ್ನು ಕೇಳುವುದೇ ಇಲ್ಲ. ಆರೋಪ ಸಾಬೀತಾಗಿರದ ಹುಡುಗನ ಹತ್ತಿರ ಪಶ್ಚಾತ್ತಾಪ ಹುಡುಕುವುದು ಅನ್ಯಾಯ ಕೂಡ. ಕಣ್ಣಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯಿರಿ: “ಭೇಟಿಯ ನಡುವೆ ಆಕಳಿಸಿದ, ರಾತ್ರಿ ನಿದ್ದೆ ಬರಲ್ಲ ಎಂದ.” ಅಷ್ಟು ಸಾಕು.

ಹಾಟ್ ಚಾಕೊಲೇಟ್ ಬಗ್ಗೆಯೂ ಜನ ಕೇಳಿದರು. ಬಾಯಿ ಬಿಡಿಸಲು ಲಂಚ ಕೊಟ್ಟ ಹಾಗಲ್ವಾ ಅಂತ. ನಮ್ಮ ತಂಡದಲ್ಲಿ ಎಲ್ಲರಿಗೂ ಒಂದೇ ಥರ, ಅದೂ ಮಾತು ಶುರುವಾಗುವ ಮುಂಚೆಯೇ ಕೊಡುತ್ತೇವೆ. ಮಾತಾಡಿದರೆ ಬಿಸ್ಕತ್ತು, ಇಲ್ಲದಿದ್ದರೆ ಇಲ್ಲ ಅನ್ನುವ ಭಾವನೆ ಬರಬಾರದು.

ಕೊನೆಯ ಭೇಟಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಬದಲಾವಣೆ ಆಗಿದ್ದು ಅಲ್ಲೇ. ವೀಕ್ಷಣಾಲಯದ ಹುಡುಗನ ಕಣ್ಣಲ್ಲಿ ಎಲ್ಲರೂ “ಸರ್”, ಎಲ್ಲರೂ “ಮೇಡಂ”. ಪೊಲೀಸ್, ಲಾಯರ್, ಪ್ರೊಬೇಷನ್ ಆಫೀಸರ್, ಕೌನ್ಸೆಲರ್, ನಾನು. ಯಾರು ಯಾರ ಪರ ಅಂತ ಅವನಿಗೆ ತಿಳಿಯುವುದಿಲ್ಲ. ಸೀರೀಸ್ ನೋಡಿದ, ಡಿಗ್ರಿ ಮಾಡಿದ, ದೊಡ್ಡ ಹುದ್ದೆಯಲ್ಲಿರುವ ನನ್ನ ನೆಂಟರೇ ಬ್ರಯೋನಿಯನ್ನು ಕೌನ್ಸೆಲರ್ ಅಂದುಕೊಂಡರು. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟ ಹುಡುಗ ನನ್ನನ್ನು ಏನಂದುಕೊಳ್ಳಬೇಕು? ನೋಡುಗರ ಮಾತಿನಿಂದ ನಾನು ಕಲಿತದ್ದು ಮುಖ್ಯವಾಗಿ ಇದು. ನಾವು ಯಾರು ಅನ್ನುವುದನ್ನು ಒಂದು ಸಲ ಹೇಳಿ ಮುಗಿಸಿದರೆ ಸಾಲದು.

ಮೊದಲೂ ನಾವು ಹೇಳುತ್ತಿದ್ದೆವು. ಈಗ ಪ್ರತಿ ಭೇಟಿಯಲ್ಲೂ ಹೇಳುತ್ತೇವೆ, ಅವನ ಭಾಷೆಯಲ್ಲಿ, ಚಿಕ್ಕ ಚಿಕ್ಕ ಮಾತಲ್ಲಿ. “ನಾನು ಪೊಲೀಸ್ ಅಲ್ಲ ಕಣಪ್ಪಾ. ನಿನ್ನ ಲಾಯರೂ ಅಲ್ಲ. ನೀನು ಹೇಳಿದ್ದನ್ನ, ನಾನು ನೋಡಿದ್ದನ್ನ ಬರೆದು ಮಂಡಳಿಗೆ ಕೊಡ್ತೀನಿ. ಅವರು ಓದ್ತಾರೆ. ಹೇಳೋಕೆ ಇಷ್ಟ ಇಲ್ಲದ್ದು ಹೇಳಬೇಡ, ನಾನು ಬೇಜಾರು ಮಾಡ್ಕೊಳ್ಳಲ್ಲ.” ಆಮೇಲೆ ಅವನಿಗೆ ಅರ್ಥವಾಗಿದ್ದನ್ನು ಅವನ ಬಾಯಲ್ಲೇ ಹೇಳಿಸುತ್ತೇವೆ. ಇನ್ನು ಎಷ್ಟು ಸಲ ಬರುತ್ತೇವೆ ಅಂತ ಮೊದಲ ದಿನವೇ ತಿಳಿಸುತ್ತೇವೆ. ಪ್ರತಿ ಸಲ ಏಳುವ ಮುಂಚೆ ಇನ್ನೆಷ್ಟು ಉಳಿದಿದೆ ಅಂತ ನೆನಪಿಸುತ್ತೇವೆ. ಕೊನೆಯ ದಿನ ಹೊಸದಾಗಿ ಏನನ್ನೂ ಕೆದಕುವುದಿಲ್ಲ. ವರದಿಯಲ್ಲಿ ಏನಿರುತ್ತದೆ ಅಂತ ತಿಳಿಸಿ, ಇನ್ನು ಮುಂದೆ ಅವನು ಯಾರ ಹತ್ತಿರ ಮಾತಾಡಬಹುದು ಅಂತ ಆ ಕೌನ್ಸೆಲರ್‌ರನ್ನು ಕರೆದು ಪರಿಚಯ ಮಾಡಿಸಿ ಬರುತ್ತೇವೆ.

“ಆದರೂ ಅವನು ಕೇಳಿಬಿಟ್ಟರೆ?” ಅಂತ ಒಬ್ಬ ಹುಡುಗಿ ತರಬೇತಿಯಲ್ಲಿ ಕೇಳಿದಳು. ಕೇಳುತ್ತಾರೆ. ಆಗ ನಾನು ಹೇಳುವುದು ಇಷ್ಟು: “ನಿನ್ನ ಜೊತೆ ಕೂತು ಮಾತಾಡಿದ ಹೊತ್ತು ನಂಗೆ ಮುಖ್ಯವಾಗಿತ್ತು. ನೀನು ಹೇಳಿದ್ದನ್ನ ಪೂರ್ತಿ ಗಮನ ಕೊಟ್ಟು ಕೇಳಿದ್ದೀನಿ.” ಅದು ನಿಜ, ಅದರಲ್ಲಿ ಯಾವ ಸುಳ್ಳು ಭರವಸೆಯೂ ಇಲ್ಲ.

ಜೇಮಿ ಹೋದ ಮೇಲೆ ಬ್ರಯೋನಿ ಒಬ್ಬಳೇ ಆ ಕೋಣೆಯಲ್ಲಿ ನಡುಗುತ್ತಾಳೆ. ನೋಡುಗರು ಆ ನಟನೆಯನ್ನು ಹೊಗಳಿದರು, ಹೊಗಳಬೇಕಾದ್ದೇ. ನನಗೆ ಕಂಡದ್ದು ಅವಳು ಒಬ್ಬಳೇ ಇದ್ದಾಳೆ ಅನ್ನುವುದು. ಇಂಥ ಭೇಟಿ ಮುಗಿಸಿ ಬಂದವರು ಸೀದಾ ಬಸ್ ಹತ್ತಿ ಮನೆಗೆ ಹೋಗಬಾರದು. ನಮ್ಮಲ್ಲಿ ಈಗ ಇಬ್ಬರು ಹೋಗುತ್ತೇವೆ, ಹೊರಗೆ ಬಂದು ಟೀ ಕುಡಿಯುತ್ತಾ ನಡೆದದ್ದನ್ನು ಮಾತಾಡಿ ಆಮೇಲೆ ಹೊರಡುತ್ತೇವೆ.

ಇನ್ನೊಂದು ಮಾತು ತಡವಾಗಿ ಬಂತು, ಹೆಚ್ಚಾಗಿ ಹೆಣ್ಣುಮಕ್ಕಳಿಂದ. ಕೇಟಿ ಎಲ್ಲಿ? ಎರಡನೇ ಕಂತಿನಲ್ಲಿ ಮಿಶಾ ಎಂಬ ಪೊಲೀಸ್ ಅಧಿಕಾರಿಗೂ ಇದೇ ಸಂಕಟ, ಎಲ್ಲರೂ ಜೇಮಿಯನ್ನು ನೆನಪಿಟ್ಟುಕೊಳ್ಳುತ್ತಾರೆ, ಕೇಟಿಯನ್ನು ಮರೆಯುತ್ತಾರೆ ಅಂತ. ನೋಡುಗರಲ್ಲಿ ನಡೆದದ್ದೂ ಅದೇ. “ಆ ಹುಡುಗಿ ಇನ್‌ಸ್ಟಾಗ್ರಾಮ್‌ನಲ್ಲಿ ಇಮೋಜಿ ಹಾಕಿ ಅವನನ್ನ ಅವಮಾನ ಮಾಡಿದ್ದಳಲ್ಲ” ಅಂತ ನೆನಪಿಟ್ಟುಕೊಂಡವರು ಬಹಳ. ಅವಳ ಅರೆಬೆತ್ತಲೆ ಫೋಟೋ ಹುಡುಗರ ಫೋನ್‌ಗಳಲ್ಲಿ ಹರಿದಾಡಿತ್ತು, ಅವಳು ಕುಗ್ಗಿದ್ದಾಳೆ ಈಗ ಒಪ್ಪಬಹುದು ಅಂತ ಲೆಕ್ಕ ಹಾಕಿಯೇ ಜೇಮಿ ‘ನನ್ನ ಜೊತೆ ಹೊರಗೆ ಬರ್ತೀಯಾ’ ಅಂತ ಕೇಳಲು ಹೋಗಿದ್ದ ಅನ್ನುವುದನ್ನು ನೆನಪಿಟ್ಟುಕೊಂಡವರು ಕಡಿಮೆ. ಅದನ್ನು ಅವನೇ ಬ್ರಯೋನಿಗೆ ಹೇಳುತ್ತಾನೆ. ಒಂದು ಗಂಟೆ ಒಬ್ಬನ ಮುಖವನ್ನೇ ನೋಡುತ್ತಾ ಕೂತರೆ ಅವನ ಕಥೆಯೇ ಪೂರ್ತಿ ಕಥೆ ಅನ್ನಿಸಿಬಿಡುತ್ತದೆ. ನಾವು ಅಂಥ ಗಂಟೆಗಳನ್ನೇ ಕಳೆಯುವವರು. ಸತ್ತವರನ್ನೂ ನೊಂದವರನ್ನೂ ನಾವು ಭೇಟಿಯಾಗುವುದೇ ಇಲ್ಲ.

ಅದಕ್ಕೇ ವರದಿಯಲ್ಲಿ “ಸಂದರ್ಭ” ಬರೆಯುವ ಕಡೆ ನಾವು ಒಂದು ಪದ್ಧತಿ ಇಟ್ಟುಕೊಂಡಿದ್ದೇವೆ. ನೊಂದವರು ಹೀಗೆ ಮಾಡಿದರು, ಹಾಗೆ ಅಂದರು ಅನ್ನುವ ಮಾತು ಹುಡುಗನಿಂದ ಬಂದಿದ್ದರೆ ಅದು ಅವನ ಮಾತು ಅಂತಲೇ ಬರೆಯಬೇಕು. ಹುಡುಗನ ಮನೆ, ಹಿನ್ನೆಲೆ ವಿಚಾರಿಸಿ ಪ್ರೊಬೇಷನ್ ಆಫೀಸರ್ ಕೊಡುವ ಸಾಮಾಜಿಕ ತನಿಖಾ ವರದಿ ಓದಿ, ಅದರಲ್ಲಿ ಬೇರೆ ಇದ್ದರೆ ಅದನ್ನೂ ಪಕ್ಕದಲ್ಲೇ ಬರೆಯಬೇಕು. ಮುಂದಿನ ಬ್ಯಾಚಿಗೆ ಮೂರನೇ ಕಂತಿನ ಜೊತೆ ಎರಡನೆಯದನ್ನೂ ತೋರಿಸುತ್ತೇನೆ, ಮಿಶಾ ಮಾತು ಇರುವುದು ಅದರಲ್ಲಿ.