ಕಾಲಿನ ಬಣ್ಣ ನೋಡಿ ಹೆಸರು ತಿದ್ದಿದ ದಿನ

ಬೇಸಿಗೆಯ ಹಕ್ಕಿ ಸಮೀಕ್ಷೆಗೆ ಬರುವ ಚಿತ್ರಗಳಿಗೆ ವೀಕ್ಷಕರು ಕೊಟ್ಟ ಹೆಸರು ಸರಿಯೇ ಎಂದು ಪರಿಶೀಲಿಸುವುದು ನನ್ನ ಕೆಲಸ. ಯುರೋಪಿನ ಕಾಡುಗಳಿಗೆ ವಸಂತದಲ್ಲಿ ವಲಸೆ ಬರುವ ಉಲಿಯಕ್ಕಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಜೋಡಿ ವಿಲ್ಲೋ ವಾರ್ಬ್ಲರ್ ಮತ್ತು ಚಿಫ್‌ಚಾಫ್. ಎರಡೂ ಸುಮಾರು 11 ಸೆಂಟಿಮೀಟರ್ ಉದ್ದದ, ಹಸಿರು ಬೆರೆತ ಕಂದು ಬಣ್ಣದ ಹಕ್ಕಿಗಳು. ಎಲೆಗಳ ನಡುವೆ ಒಂದು ಕ್ಷಣವೂ ಸುಮ್ಮನೆ ಕೂರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ನೆಚ್ಚಿಕೊಂಡಿದ್ದು ಒಂದೇ ಸೂತ್ರವನ್ನು: ಕಾಲು ಕಪ್ಪಾಗಿದ್ದರೆ ಚಿಫ್‌ಚಾಫ್, ತಿಳಿಗಂದಾಗಿದ್ದರೆ ವಿಲ್ಲೋ. ಸೂತ್ರವೇನೋ ಬಹುಮಟ್ಟಿಗೆ ಸರಿಯೇ. ಆದರೆ ನೆರಳಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ಕಾಲು ಕಪ್ಪಗೆ ಕಂಡಿತೆಂದು, ವೀಕ್ಷಕರು ಬರೆದಿದ್ದ ವಿಲ್ಲೋ ವಾರ್ಬ್ಲರ್ ಎಂಬ ಹೆಸರನ್ನು ಹೊಡೆದುಹಾಕಿ ನಾನು ಚಿಫ್‌ಚಾಫ್ ಎಂದು ನಮೂದಿಸಿದೆ.

ಎರಡು ದಿನ ಕಳೆದ ಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಅದೇ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, "ಕಾಲು ಹಾಗಿರಲಿ, ರೆಕ್ಕೆ ನೋಡಿದಿರಾ?" ಎಂದು ಕೇಳಿದರು. ಮಡಿಸಿದ ರೆಕ್ಕೆಯಲ್ಲಿ ಹಾರುಗರಿಗಳ ತುದಿ ಒಳಗರಿಗಳನ್ನು ದಾಟಿ ಬಹಳ ಮುಂದಕ್ಕೆ ಚಾಚಿಕೊಂಡಿತ್ತು; ಚಿಫ್‌ಚಾಫ್‌ನಲ್ಲಿ ಆ ಚಾಚು ಗಿಡ್ಡ. ವಿಲ್ಲೋ ವಾರ್ಬ್ಲರ್ ಚಳಿಗಾಲಕ್ಕೆ ಸಹಾರಾ ದಾಟಿ ಹೋಗುವ ಹಕ್ಕಿಯಾದ್ದರಿಂದ ಅದಕ್ಕೆ ಉದ್ದ ರೆಕ್ಕೆ ಬೇಕು. ಚಿಫ್‌ಚಾಫ್‌ಗಳಲ್ಲಿ ಬಹಳಷ್ಟು ಮೆಡಿಟರೇನಿಯನ್ ಸುತ್ತಮುತ್ತಲೇ ಉಳಿಯುತ್ತವೆ. ಈ ಕಾರಣ ತಿಳಿದ ಮೇಲೆ ಗುರುತು ನನಗೆ ಮರೆಯಲೇ ಇಲ್ಲ.

ಆದರೂ ಹಾಡು ಕೇಳಿದ್ದರೆ ರೆಕ್ಕೆಯನ್ನು ಅಳೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಚಿಫ್‌ಚಾಫ್ ತನ್ನ ಹೆಸರನ್ನೇ ಎರಡು ಸ್ವರಗಳಲ್ಲಿ ಬಿಡದೆ ಕುಟ್ಟುತ್ತದೆ; ವಿಲ್ಲೋ ವಾರ್ಬ್ಲರ್‌ನ ಹಾಡು ಮೇಲಿನಿಂದ ಮೆಲ್ಲಗೆ ಇಳಿಯುತ್ತಾ ಕೊನೆಯಲ್ಲಿ ಕರಗಿಹೋಗುತ್ತದೆ. ಇಂಗ್ಲೆಂಡಿನ ನಿಸರ್ಗ ವೀಕ್ಷಕ ಗಿಲ್ಬರ್ಟ್ ವೈಟ್ 18ನೇ ಶತಮಾನದಲ್ಲಿಯೇ, ದುರ್ಬೀನಿನ ನೆರವಿಲ್ಲದೆ, ಇವು ಬೇರೆ ಬೇರೆ ಪ್ರಭೇದಗಳೆಂದು ಗುರುತಿಸಿದ್ದು ಮುಖ್ಯವಾಗಿ ಹಾಡಿನ ಬಲದಿಂದ. ಅಪರೂಪಕ್ಕೆ ಎರಡೂ ಹಾಡುಗಳನ್ನು ಬೆರೆಸಿ ಹಾಡುವ ಹಕ್ಕಿಯೂ ಸಿಗುತ್ತದೆ ಎಂಬುದು ಬೇರೆ ಮಾತು.

ದಾಖಲೆಯನ್ನು ಮೊದಲಿನಂತೆ ಸರಿಪಡಿಸಿ ವೀಕ್ಷಕರಿಗೆ ಕ್ಷಮೆ ಕೋರಿ ಬರೆದೆ. "ಅದು ಹಾಡುವುದನ್ನು ಅರ್ಧ ಗಂಟೆ ಕೇಳಿದ್ದೆ, ನಿಮ್ಮ ನಮೂನೆಯಲ್ಲಿ ಅದನ್ನು ಬರೆಯಲು ಜಾಗವೇ ಇರಲಿಲ್ಲ" ಎಂದು ಅವರು ಉತ್ತರಿಸಿದರು. ಈಗ ನಮ್ಮ ನಮೂನೆಯಲ್ಲಿ ಹೆಸರಿನ ಕಲಂಗಿಂತ ಮೊದಲು ಹಾಡಿನ ಕಲಂ ಇದೆ.